ಶಾಕಮ್ಮನ ಏಳನೇ ನಂಬರು

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಮುರಿದ ಮಂಚಗಳನ್ನು ತುಂಬಿಟ್ಟ ಕೋಣೆಗೂ ಲಾಂಡ್ರಿಯ ಲಿಫ್ಟಿಗೂ ನಡುವೆ ನರಗಳ ಪರೀಕ್ಷೆಯ ಕೋಣೆ ಇತ್ತು. ಅಲ್ಲಿ ಇಪ್ಪತ್ತೆರಡು ವರ್ಷಗಳಿಂದ ಜನರಿಗೆ ಕರೆಂಟು ಹೊಡೆಸುತ್ತಿದ್ದ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅದು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಮಿಕ್ಕವರ ಬಾಯಲ್ಲೆಲ್ಲ ಆಕೆ ಶಾಕಮ್ಮ. ಆಕೆಗೆ ಅದರಿಂದ ಬೇಸರವೇನೂ ಇರಲಿಲ್ಲ. ಎಕ್ಸ್‌ರೇ ವಿಭಾಗದವನನ್ನು ಮೂಳೆಯಪ್ಪ ಎನ್ನುತ್ತಿದ್ದರು. ಅದಕ್ಕಿಂತ ಇದು ವಾಸಿ ಎಂದು ಆಕೆಯ ಲೆಕ್ಕಾಚಾರ.

ಕೈ ಜೋಮು ಹಿಡಿದವರು, ಕಾಲು ಉರಿಯುವವರು, ಹಿಡಿದ ಲೋಟ ಕೈ ಜಾರುವವರು, ಬೇರೆ ಡಾಕ್ಟರುಗಳೆಲ್ಲ ತಲೆ ಕೆರೆದುಕೊಂಡ ಮೇಲೆ ಅವಳ ಬಾಗಿಲಿಗೆ ಬರುತ್ತಿದ್ದರು. ಅವಳು ಅವರನ್ನು ಮಂಚದ ಮೇಲೆ ಮಲಗಿಸಿ, ಬೆರಳಿಗೋ ಪಾದಕ್ಕೋ ಗುಂಡಿಯಷ್ಟು ಅಗಲದ ಬಿಲ್ಲೆಗಳನ್ನು ಅಂಟಿಸಿ, ದರ್ಜಿಯ ಹಾಗೆ ಟೇಪು ಹಿಡಿದು ಅಳೆದು, ಪೆನ್ನಿನಲ್ಲಿ ಗುರುತು ಹಾಕಿ, ಆ ಗುರುತಿನ ಮೇಲೆ ಎರಡು ಮೊನೆಯ ಕಡ್ಡಿಯಿಟ್ಟು ಗುಂಡಿ ಒತ್ತುತ್ತಿದ್ದಳು. ಬೆರಳು ತನ್ನಷ್ಟಕ್ಕೆ ತಾನೇ ಎಗರುತ್ತಿತ್ತು. ಪರದೆಯ ಮೇಲೆ ಒಂದು ಗೆರೆ ಗುಡ್ಡದಂತೆ ಏರಿ ಇಳಿಯುತ್ತಿತ್ತು. ಸುದ್ದಿ ನರದಲ್ಲಿ ಎಷ್ಟು ವೇಗವಾಗಿ ಓಡಿತು, ತಲುಪಿದಾಗ ಎಷ್ಟು ಉಳಿದಿತ್ತು ಎಂಬುದನ್ನು ಯಂತ್ರ ಲೆಕ್ಕ ಹಾಕುತ್ತಿತ್ತು. ಆಮೇಲೆ ನರಗಳ ಡಾಕ್ಟರಮ್ಮ ಬಂದು ಮಾಂಸಖಂಡಕ್ಕೆ ಸಣ್ಣ ಸೂಜಿ ಚುಚ್ಚಿ ಅದರ ಸದ್ದು ಕೇಳುವರು. ಆರೋಗ್ಯವಾದ ಖಂಡ ಸುಮ್ಮನಿರುವಾಗ ಸ್ಪೀಕರಿನಲ್ಲಿ ಏನೂ ಕೇಳುವುದಿಲ್ಲ. ಬಿಗಿದಾಗ ತಗಡಿನ ಮೇಲೆ ಮಳೆ ಬಿದ್ದ ಹಾಗೆ ಪಟಪಟ ಎನ್ನುತ್ತದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ, "ನೋವಾಗುತ್ತಾ?" ಎಂದು ಕೇಳಿದವರಿಗೆ "ಇರುವೆ ಕಚ್ಚಿದ ಹಾಗೆ ಅಷ್ಟೇ" ಎನ್ನಬೇಕೆಂದು ಅವಳಿಗೆ ಹೇಳಿಕೊಟ್ಟಿದ್ದರು. ಒಂದು ತಿಂಗಳು ಹಾಗೇ ಹೇಳಿದಳು. ಒಂದು ದಿನ ಮುದುಕ ಬಡಗಿಯೊಬ್ಬ ಮೂರನೇ ಶಾಕಿಗೆ ಮಂಚದಿಂದ ಅರ್ಧ ಎದ್ದು ಕೂತು, "ಎಂಥ ಇರುವೆ ತಾಯಿ ಅದು? ಎಲ್ಲಿರುತ್ತೆ ಹೇಳು, ಆ ಕಡೆ ಹೋಗಲ್ಲ" ಎಂದ. ಅವತ್ತಿನಿಂದ ಶಾಕಮ್ಮ "ನೋವಾಗುತ್ತೆ, ಸ್ವಲ್ಪ ಹೊತ್ತು" ಎಂದು ನೇರವಾಗಿ ಹೇಳತೊಡಗಿದಳು. ಜನ ಮೊದಲಿಗಿಂತ ಕಡಿಮೆ ಕಿರುಚಿದರು.

ಇನ್ನೊಂದು ಪಾಠವನ್ನು ಮೀನು ಮಾರುವವನೊಬ್ಬ ಕಲಿಸಿದ. ಬೆಳಗಿನಿಂದ ಮಂಜುಗಡ್ಡೆಯಲ್ಲಿ ಕೈ ಅದ್ದಿ ಅದ್ದಿ ಅಂಗಡಿಯಿಂದ ನೇರ ಬಂದಿದ್ದ. ಶಾಕಮ್ಮ ಹಾಗೇ ಪರೀಕ್ಷೆ ಮಾಡಿದಳು. ನರಗಳು ನಿಧಾನ ಎಂದು ಯಂತ್ರ ತೋರಿಸಿತು, ಅವಳು ಬರೆದಳು. ಆಗಿದ್ದ ಡಾಕ್ಟರು ಸಹಿ ಹಾಕಿದರು. ಕೈ ಇನ್ನು ಕೆಲಸಕ್ಕೆ ಬಾರದು ಎಂದುಕೊಂಡು ಅವನು ಅಂಗಡಿಯನ್ನು ಭಾವಮೈದುನನಿಗೆ ಬಿಟ್ಟುಕೊಟ್ಟ. ಆರು ತಿಂಗಳ ಮೇಲೆ, ಸುಡುವ ಬೇಸಿಗೆಯಲ್ಲಿ ಮತ್ತೆ ಬಂದಾಗ ಎಲ್ಲ ಸರಿಯಾಗಿತ್ತು. ತಣ್ಣಗಿನ ಕೈಯಲ್ಲಿ ಎಂಥವರ ನರವೂ ನಿಧಾನವಾಗಿಯೇ ಓಡುತ್ತದೆ. ಅದು ಪುಸ್ತಕದ ಮೊದಲ ಪಾಠದಲ್ಲೇ ಇದೆ. ಶಾಕಮ್ಮ ಓದಿದ್ದಳು ಕೂಡ. ಭಾವಮೈದುನ ಅಂಗಡಿ ವಾಪಸು ಕೊಡಲಿಲ್ಲ. ಅಂದಿನಿಂದ ಅವಳ ಕೋಣೆಯಲ್ಲಿ ಒಂದು ಬಿಸಿನೀರಿನ ಬೇಸನ್ನು, ಚರ್ಮದ ಬಿಸಿ ನೋಡುವ ಮಾಪಕ ಖಾಯಂ ಆದವು. ದೊಡ್ಡ ಅಧಿಕಾರಿಯೊಬ್ಬ ತಡವಾಗುತ್ತಿದೆ ಎಂದು ಕೂಗಾಡಿದಾಗಲೂ ಅವನ ಎರಡೂ ಕೈಗಳನ್ನು ಬೇಸನ್ನಿನಲ್ಲಿ ಮುಳುಗಿಸಿಯೇ ಕೂಗಾಡಲು ಬಿಟ್ಟಿದ್ದಳು.

ಆಸ್ಪತ್ರೆಯಲ್ಲಿ ಇಷ್ಟು ಕಟ್ಟುನಿಟ್ಟಾದ ಈ ಹೆಂಗಸಿನ ಮನೆಯಲ್ಲಿ ಒಬ್ಬರು ಅತ್ತೆ ಇದ್ದರು.

ಅತ್ತೆ ಪೆನ್ಸಿಲ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ತಪಾಸಣೆಯ ಮೇಜಿನ ಮುಂದೆ ನಿಂತವರು. ಓರೆಯಾದದ್ದು, ಬಣ್ಣ ಬಿಟ್ಟದ್ದು, ಕಡ್ಡಿ ನಡುಮಧ್ಯ ಕೂರದದ್ದು, ಎಲ್ಲವನ್ನೂ ಎತ್ತಿ ಬುಟ್ಟಿಗೆ ಹಾಕುವುದು ಅವರ ಕೆಲಸ. ನಿವೃತ್ತಿಯಾದ ಮೇಲೂ ಆ ಕಣ್ಣು ನಿವೃತ್ತಿಯಾಗಲಿಲ್ಲ. ಸೊಸೆ ಮಡಿಸಿದ ಟವೆಲು, ಹೆಚ್ಚಿದ ಈರುಳ್ಳಿ, ಗೋಡೆಗೆ ಹೊಡೆದ ಮೊಳೆ, ಒಂದೂ ಪಾಸಾಗುತ್ತಿರಲಿಲ್ಲ. ಜಗಳ ಆಡುವವರಲ್ಲ ಅತ್ತೆ. ಸುಮ್ಮನೆ ಟವೆಲನ್ನು ಬಿಚ್ಚಿ ಮತ್ತೆ ಮಡಿಸುವರು.

ಆ ಅತ್ತೆಗೆ ಹನ್ನೊಂದು ವರ್ಷಗಳಿಂದ ಪಾದ ಉರಿ. ಕೆಂಡ ತುಳಿದ ಹಾಗೆ ಎನ್ನುವರು. ಹೊದಿಕೆಯ ಅಂಚು ತಗುಲಿದರೂ ಆಗದು. ಅಡುಗೆಮನೆಯ ನೆಲದ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲುವರು. ಒಂದು ಜೊತೆ ರಬ್ಬರ್ ಚಪ್ಪಲಿಯನ್ನು ತೊಳೆದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ತರಕಾರಿ ಟ್ರೇಯಲ್ಲಿ ಇಡುವರು. ಉರಿ ಹೆಚ್ಚಿದಾಗ ತೆಗೆದು ಮೆಟ್ಟಿಕೊಳ್ಳುವರು. ಮನೆಗೆ ಬಂದ ನೆಂಟರು ನೀರಿಗೆಂದು ಫ್ರಿಜ್ಜು ತೆಗೆದು, ಏನೂ ನೋಡದವರಂತೆ ಮುಚ್ಚಿದ್ದುಂಟು.

ರಕ್ತ ಪರೀಕ್ಷೆ ಮಾಡಿಸಿದ್ದಾಯಿತು. ಸಕ್ಕರೆ ಇಲ್ಲ. ಎಕ್ಸ್‌ರೇ ತೆಗೆಸಿದ್ದಾಯಿತು. ಮೂಳೆಯಪ್ಪನೇ ತೆಗೆದದ್ದು. ಏನೂ ಇಲ್ಲ. ಬೀದಿ ಕೊನೆಯ ಕ್ಲಿನಿಕ್ಕಿನವರು "ವಯಸ್ಸು" ಎಂದರು. ಲಿಫ್ಟು ರಿಪೇರಿ ಮಾಡುವ ಮಗ, ಅಂದರೆ ಶಾಕಮ್ಮನ ಗಂಡ, "ಅಮ್ಮಂದು ಇದ್ದಿದ್ದೇ" ಎಂದ. ಬೇರೆ ಊರಿನಲ್ಲಿದ್ದ ಮಗಳು ಫೋನಿನಲ್ಲಿ "ಅಯ್ಯೋ ಪಾಪ" ಎನ್ನುವಳು, ಆಮೇಲೆ ಅತ್ತಿಗೆಯ ಹತ್ತಿರ ದನಿ ತಗ್ಗಿಸಿ "ಅಮ್ಮಂಗೆ ಯಾರಾದ್ರೂ ಸುತ್ತ ಓಡಾಡ್ತಾ ಇರಬೇಕು, ಅಷ್ಟೇ" ಎನ್ನುವಳು.

ದಿನಕ್ಕೆ ಹತ್ತು ಅಪರಿಚಿತರ ಕಾಲಿನ ನರ ನೋಡುವ ಶಾಕಮ್ಮ, ಒಂದೇ ಸೂರಿನ ಕೆಳಗಿದ್ದ ಆ ಕಾಲನ್ನು ಹನ್ನೊಂದು ವರ್ಷ ನೋಡಲಿಲ್ಲ. ಅತ್ತೆ ಕೇಳಲಿಲ್ಲ ಎಂಬುದು ಒಂದು ಕಾರಣ. ಈ ಕಾಲುರಿ ಟವೆಲು ಮಡಿಸುವುದರ ಇನ್ನೊಂದು ರೂಪ ಎಂದು ಅವಳಿಗೆ ಒಳಗೊಳಗೇ ಖಾತ್ರಿಯಿತ್ತು ಎಂಬುದು ನಿಜವಾದ ಕಾರಣ.

ಒಂದು ಮಂಗಳವಾರ ಬೆಳಗ್ಗೆ ಹನ್ನೊಂದರ ಸುಮಾರಿಗೆ ಶಾಕಮ್ಮ ಬಾಗಿಲು ತೆಗೆದು "ಏಳನೇ ನಂಬರು" ಎಂದು ಕರೆದಳು. ಬೆಂಚಿನ ಕೊನೆಯಿಂದ ಅತ್ತೆ ಎದ್ದರು. ಇಸ್ತ್ರಿ ಮಾಡಿದ ಬಟ್ಟೆ ಉಟ್ಟಿದ್ದರು, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಟಿ.

"ಅತ್ತೆ? ನೀವಿಲ್ಲಿ?"

"ಏಳು ನನ್ನದೇ" ಎಂದು ಅತ್ತೆ ಚೀಟಿ ತೋರಿಸಿದರು. ಕೆಳಗಿನ ಮಹಡಿಯ ಡಾಕ್ಟರೊಬ್ಬರು ಪರೀಕ್ಷೆಗೆ ಬರೆದುಕೊಟ್ಟಿದ್ದರು. ಬೆಳಗ್ಗೆ ಎಂಟಕ್ಕೆ ಬಂದು ಸಾಲಿನಲ್ಲಿ ಕೂತಿದ್ದರಂತೆ.

"ಮನೇಲೇ ಹೇಳಬಹುದಿತ್ತಲ್ಲ?"

"ಮನೇಲಿ ಹನ್ನೊಂದು ವರ್ಷದಿಂದ ಹೇಳ್ತಾನೇ ಇದ್ದೀನಿ. ಇಲ್ಲಿ ಚೀಟಿ ತಂದರೆ ಕೇಳ್ತಾರಂತೆ."

ಶಾಕಮ್ಮ ಎಲ್ಲರಿಗೂ ಹೇಳುವುದನ್ನೇ ಹೇಳಿದಳು. "ಚಪ್ಪಲಿ ಬಿಟ್ಟು ಮಲಗಿ. ನೋವಾಗುತ್ತೆ, ಸ್ವಲ್ಪ ಹೊತ್ತು."

"ಆಗಲಿ" ಎಂದು ಅತ್ತೆ ಮಲಗಿದರು. ಬೆಂಚಿನ ಮೇಲೆ ಕೂತಷ್ಟು ಹೊತ್ತೂ ಫ್ರಿಜ್ಜಿನ ಚಪ್ಪಲಿ ಹಾಕಿಕೊಂಡೇ ಇದ್ದರು. ನಡುನಡುವೆ ಪಾದಕ್ಕೆ ಒತ್ತಿಕೊಳ್ಳಲು ಚೀಲದಲ್ಲಿ ಮಂಜುಗಡ್ಡೆಯ ಪೊಟ್ಟಣವೂ ಇತ್ತು. ಗಲಿಬಿಲಿಯಲ್ಲಿ ಶಾಕಮ್ಮ ಚರ್ಮದ ಬಿಸಿ ನೋಡುವುದನ್ನೂ ಮರೆತು ಬಿಲ್ಲೆ ಅಂಟಿಸಿ ಟೇಪು ಹಿಡಿದಳು.

"ಓರೆಯಾಗಿದೆ" ಎಂದರು ಅತ್ತೆ, ತಲೆಯೆತ್ತಿ.

ನಿಜಕ್ಕೂ ಓರೆಯಾಗಿತ್ತು. ಶಾಕಮ್ಮ ನೇರ ಮಾಡಿ ಗುಂಡಿ ಒತ್ತಿದಳು. ಅತ್ತೆಯ ಪಾದ ಎಗರಿತು, ಅತ್ತೆ ಎಗರಲಿಲ್ಲ. ಪರದೆಯ ಮೇಲೆ ಗೆರೆ ತಡವಾಗಿ ಎದ್ದಿತು. ನಿಧಾನ. ಇನ್ನೊಂದು ಕಾಲು ನೋಡಿದಳು. ಅದೂ ನಿಧಾನ.

"ಏನಾದ್ರೂ ಇದೆಯಾ?" ಎಂದು ಅತ್ತೆ ಕೇಳಿದರು. ಆ ದನಿಯಲ್ಲಿದ್ದ ಆಸೆಯನ್ನು ಶಾಕಮ್ಮ ಹಿಂದೆಂದೂ ಯಾರ ದನಿಯಲ್ಲೂ ಕೇಳಿರಲಿಲ್ಲ. ಆ ಮಂಚದ ಮೇಲೆ ಮಲಗಿದವರೆಲ್ಲ ಏನೂ ಇರದಿರಲಿ ಎಂದೇ ಬೇಡಿಕೊಳ್ಳುವವರು.

ಮಾಪಕ ತೆಗೆದು ಪಾದಕ್ಕಿಟ್ಟಳು. ಇಪ್ಪತ್ತಮೂರು ಡಿಗ್ರಿ. ಮೂವತ್ತೊಂದಾದರೂ ಇರಬೇಕು.

ಹಾಗೇ ಬರೆದುಬಿಟ್ಟರೆ ಯಾರೂ ಕೇಳುತ್ತಿರಲಿಲ್ಲ. ಅತ್ತೆಗೆ ಬೇಕಾದ ಕಾಗದ ಸಿಗುತ್ತಿತ್ತು, ಮಗ ಮಗಳು ಬಾಯಿ ಮುಚ್ಚುತ್ತಿದ್ದರು, ಮನೆಯಲ್ಲಿ ನೆಮ್ಮದಿ. ಮೀನಿನವನಿಗೂ ಹೀಗೇ ಒಂದು ಕಾಗದ ಸಿಕ್ಕಿತ್ತು. ಶಾಕಮ್ಮ ಬೇಸನ್ನು ತಂದಳು.

"ಕಾಲು ತಣ್ಣಗಿದೆ ಅತ್ತೆ. ಬಿಸಿನೀರಲ್ಲಿ ಇಡಬೇಕು. ಇಲ್ಲದಿದ್ದರೆ ರಿಪೋರ್ಟು ಸುಳ್ಳಾಗುತ್ತೆ."

ಅತ್ತೆ ಬೇಸನ್ನನ್ನು ನೋಡಿದರು. "ಎಷ್ಟು ಹೊತ್ತು?"

"ಇಪ್ಪತ್ತು ನಿಮಿಷ."

"ಸುಳ್ಳು ರಿಪೋರ್ಟು ಬೇಡ" ಎಂದು ಕಾಲು ಇಳಿಸಿದರು.

ಕೈಯಿಟ್ಟರೆ ಹಿತವೆನಿಸುವಷ್ಟೇ ಬಿಸಿ ಆ ನೀರು. ಅತ್ತೆ ಒಮ್ಮೆ ಉಸಿರು ಒಳಗೆಳೆದುಕೊಂಡರು, ಮತ್ತೆ ಎರಡೂ ಕೈಯಲ್ಲಿ ಮಂಚದ ಅಂಚು ಹಿಡಿದು ಎದುರಿನ ಗೋಡೆಯನ್ನೇ ನೋಡುತ್ತ ಕೂತರು. ಗೋಡೆಯ ಮೇಲೆ ಕೈ ತೊಳೆಯುವ ವಿಧಾನದ ಚಿತ್ರಪಟವಿತ್ತು. ಐದು ನಿಮಿಷಕ್ಕೆ ಕೆನ್ನೆಯ ಮೇಲೆ ನೀರು ಇಳಿಯತೊಡಗಿತು. ಒರೆಸಿಕೊಳ್ಳಲಿಲ್ಲ. ಒರೆಸಬೇಕಾದರೆ ಮಂಚದ ಅಂಚು ಬಿಡಬೇಕಿತ್ತು. ಹತ್ತು ನಿಮಿಷವಾಯಿತು. ಕಾಲನ್ನು ಮಾತ್ರ ತೆಗೆಯಲಿಲ್ಲ.

ನೋವನ್ನು ಹೆಚ್ಚು ಮಾಡಿ ತೋರಿಸುವವರನ್ನು ಶಾಕಮ್ಮ ಬೇಕಾದಷ್ಟು ಕಂಡಿದ್ದಳು. ಅವರು ನೋಡುವವರ ಮುಖ ನೋಡುತ್ತಿರುತ್ತಾರೆ. ಅತ್ತೆ ಅವಳತ್ತ ಒಮ್ಮೆಯೂ ತಿರುಗಲಿಲ್ಲ.

"ಸಾಕು ಅತ್ತೆ, ತೆಗೀರಿ."

"ಇಪ್ಪತ್ತಾಯ್ತಾ?"

"ಹದಿನೇಳು."

"ಇರಲಿ ಬಿಡು, ಮೂರು ನಿಮಿಷ ತಾನೇ."

ಇಪ್ಪತ್ತು ನಿಮಿಷದ ಮೇಲೆ ಪಾದ ಮೂವತ್ತೆರಡಕ್ಕೆ ಬಂತು. ಶಾಕಮ್ಮ ಮತ್ತೆ ಪರೀಕ್ಷೆ ಮಾಡಿದಳು. ಗೆರೆ ಸಮಯಕ್ಕೆ ಸರಿಯಾಗಿ, ಎತ್ತರವಾಗಿ, ಚೂಪಾಗಿ ಎದ್ದಿತು. ಹಿಮ್ಮಡಿಯ ಪಕ್ಕದ ನರ ನೋಡಿದಳು, ಅದೂ ಹಾಗೇ. ಎಪ್ಪತ್ತೊಂದು ವರ್ಷದವರಲ್ಲಿ ಇಷ್ಟು ಚೆನ್ನಾದ ನರವನ್ನು ಅವಳು ಕಂಡಿರಲಿಲ್ಲ. ಮೂರು ಸಲ ನೋಡಿದಳು. ಬೇರೆಯವರಿಗಾದರೆ ಒಂದೇ ಸಲ ನೋಡಿ ಬಿಡುತ್ತಿದ್ದಳು. ಏನಾದರೂ ಸಿಗಲಿ ಎಂದು ತಾನೂ ಹುಡುಕುತ್ತಿದ್ದೇನೆಂದು ಮೂರನೇ ಸಲಕ್ಕೆ ಅವಳಿಗೆ ಗೊತ್ತಾಯಿತು.

ಡಾಕ್ಟರಮ್ಮ ಬಂದು ಸೂಜಿ ಹಾಕಿದರು. ಸ್ಪೀಕರು ಸುಮ್ಮನಿತ್ತು. ಕಾಲು ಬಿಗಿಯಿರಿ ಎಂದಾಗ ಪಟಪಟ ಎಂದಿತು. "ಎಲ್ಲ ನಾರ್ಮಲ್ ಅಜ್ಜಿ, ರಿಪೋರ್ಟನ್ನ ನಿಮ್ಮ ಡಾಕ್ಟರಿಗೆ ತೋರಿಸಿ" ಎಂದು ನಕ್ಕು, ಎಂಟನೇ ನಂಬರಿನ ಕಾಗದ ಕೈಗೆತ್ತಿಕೊಂಡರು.

"ಓಹೋ" ಎಂದರು ಅತ್ತೆ. ತಾವೇ ಬುಟ್ಟಿಗೆ ಬಿದ್ದ ಪೆನ್ಸಿಲಿನಂತೆ ಎದ್ದು, ಚೀಲ ತೆಗೆದುಕೊಂಡು ಹೋದರು.

ಆ ಸಂಜೆ ಊಟಕ್ಕೆ ಕೂತಾಗ ಮಗ ರಿಪೋರ್ಟನ್ನು ಜೋರಾಗಿ ಓದಿದ. "ನೋಡಮ್ಮ, ಎಲ್ಲಾ ನಾರ್ಮಲ್! ಸುಮ್ಮನೆ ತಲೆ ಕೆಡಿಸ್ಕೊಂಡಿದ್ದೆ." ಫೋನಿನಲ್ಲಿ ಮಗಳು, "ನಾನು ಆವತ್ತೇ ಹೇಳಿರಲಿಲ್ವಾ?" ಎಂದಳು. ಸ್ಪೀಕರ್ ಹಾಕಿದ್ದರಿಂದ ಎಲ್ಲರಿಗೂ ಕೇಳಿಸಿತು. ಅತ್ತೆ ಬಗ್ಗಿಸಿದ ತಲೆ ಎತ್ತದೆ ಊಟ ಮಾಡುತ್ತಿದ್ದರು.

"ಕೊನೇ ಸಾಲು ಓದಿ" ಎಂದಳು ಶಾಕಮ್ಮ.

"ಯಾವುದು?"

"ಕೆಳಗೆ, ಸಣ್ಣ ಅಕ್ಷರ."

ಗಂಡ ಕಾಗದವನ್ನು ದೀಪದ ಹತ್ತಿರ ಹಿಡಿದ. "ಸಣ್ಣ ನರಗಳ ತೊಂದರೆಯನ್ನು ಈ ಪರೀಕ್ಷೆಯಿಂದ ತಳ್ಳಿಹಾಕಲಾಗದು. ಹಂಗಂದ್ರೆ?"

ಆ ಸಾಲನ್ನು ಶಾಕಮ್ಮ ಇಪ್ಪತ್ತೆರಡು ವರ್ಷ ಪ್ರತಿ ರಿಪೋರ್ಟಿನಲ್ಲೂ ಅಚ್ಚು ಹಾಕಿದ್ದಳು. ಹುಟ್ಟಿದ ತಾರೀಖು, ಪುಟ ಸಂಖ್ಯೆಗಳ ಹಾಗೆ ಅದೂ ಒಂದು ಎಂದು ಬಿಟ್ಟಿದ್ದಳು. ಅವತ್ತು ಮಧ್ಯಾಹ್ನ, ಅತ್ತೆಯ ಕಾಗದ ಯಂತ್ರದಿಂದ ಹೊರಬಂದಾಗ, ಮೊದಲ ಸಲ ನಿಂತು ಓದಿದ್ದಳು.

"ನನ್ನ ಮಷೀನಿಗೆ ದಪ್ಪ ನರ ಮಾತ್ರ ಕಾಣೋದು" ಎಂದಳು. "ಉರಿ, ಬಿಸಿ, ತಣ್ಣಗೆ, ಇದನ್ನೆಲ್ಲ ಹೊರೋದು ಕೂದಲಿಗಿಂತ ಸಣ್ಣ ನರ. ಅದು ಸತ್ತು ಬಿದ್ದಿದ್ದರೂ ಇದರಲ್ಲಿ ಗೊತ್ತಾಗಲ್ಲ. ಲಿಫ್ಟಿನ ಮೋಟರು ಸರಿಯಿದೆ ಅಂತ ನೀವು ಬರೆದುಕೊಟ್ರೆ, ಬಟನ್ನಿನ ಹಿಂದಿನ ವೈರೂ ಸರಿಯಿದೆ ಅಂತ ಅರ್ಥನಾ?"

ಗಂಡ ಕಾಗದ ಕೆಳಗಿಟ್ಟ. ತನ್ನ ಕಸುಬಿನ ವಿಷಯದಲ್ಲಿ ಸುಳ್ಳು ಹೇಳುವವನಲ್ಲ. "ಇಲ್ಲ" ಎಂದ.

"ಮತ್ತೆ ನಾರ್ಮಲ್ ಅಂತ ಕುಣೀಬೇಡಿ. ಅವರಿಗೆ ನೋವಿದೆ. ಇವತ್ತು ನಾನು ಕಣ್ಣಾರೆ ನೋಡಿದೆ."

ಫೋನಿನಲ್ಲಿದ್ದ ನಾದಿನಿ, ಒಲೆಯ ಮೇಲೆ ಏನೋ ಇಟ್ಟಿದ್ದೇನೆಂದು ಹೇಳಿ ಇಟ್ಟುಬಿಟ್ಟಳು. ಅತ್ತೆ ಸೊಸೆಯತ್ತ ಒಮ್ಮೆ ನೋಡಿ, ನೀರಿನ ಲೋಟವನ್ನು ಅವಳ ಕಡೆಗೆ ಸರಿಸಿದರು. ಶಾಕಮ್ಮ ನೀರು ಕೇಳಿರಲಿಲ್ಲ. ಆದರೂ ಕುಡಿದಳು.

ಮರುದಿನ ಶಾಕಮ್ಮ ಡಾಕ್ಟರಮ್ಮನನ್ನು ಹಿಡಿದು ನಿಲ್ಲಿಸಿ ವಿಷಯ ಹೇಳಿದಳು.

"ಅವರು ನಿಮ್ಮ ಅತ್ತೇನಾ? ನೆನ್ನೆ ಹೇಳಲೇ ಇಲ್ಲ!"

"ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ."

ಡಾಕ್ಟರಮ್ಮನ ಮುಖ ಸ್ವಲ್ಪ ಸಪ್ಪಗಾಯಿತು. "ಆ ಕೊನೇ ಸಾಲನ್ನ ನಾನೇ ಬಾಯಿಬಿಟ್ಟು ಹೇಳಬೇಕಿತ್ತು" ಎಂದು, ಚರ್ಮದ ಪರೀಕ್ಷೆಗೆ ಬರೆದುಕೊಟ್ಟರು. ಹಿಮ್ಮಡಿಯ ಮೇಲಿನಿಂದ, ತೊಡೆಯಿಂದ ಚೂರು ಚರ್ಮ ತೆಗೆದು ಅದರಲ್ಲಿ ಸಣ್ಣ ನರಗಳು ಎಷ್ಟಿವೆ ಎಂದು ಎಣಿಸುತ್ತಾರೆ. ಅದಕ್ಕೆ ಮೂರು ಗಂಟೆ ದೂರದ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಅತ್ತೆ ಸೊಸೆ ಬಸ್ಸಿನಲ್ಲಿ ಹೋದರು. ಮದುವೆಯಾಗಿ ಇಪ್ಪತ್ತೈದು ವರ್ಷಕ್ಕೆ ಇಬ್ಬರೇ ಎಲ್ಲಿಗಾದರೂ ಹೋದದ್ದು ಅದೇ ಮೊದಲು. ಮುಂದಿನ ಸೀಟಿನವನು ನಿದ್ದೆಯಲ್ಲಿ ತೂಕಡಿಸಿ ಕಿಟಕಿಗೆ ತಲೆ ಹೊಡೆದುಕೊಳ್ಳುವುದನ್ನು ಇಬ್ಬರೂ ಒಂದೂವರೆ ಗಂಟೆ ನೋಡುತ್ತ ಕೂತರು.

"ಅತ್ತೆ" ಎಂದಳು ಶಾಕಮ್ಮ ಕೊನೆಗೆ. "ನಾನೂ ನಂಬಿರಲಿಲ್ಲ."

"ಗೊತ್ತು."

"ಗೊತ್ತಿತ್ತಾ?"

"ಮನೇಲಿ ಅಯ್ಯೋ ಪಾಪ ಅನ್ನದೇ ಇದ್ದವಳು ನೀನೊಬ್ಬಳೇ. ಮಿಕ್ಕವರೂ ನಂಬಿರಲಿಲ್ಲ, ಆದ್ರೆ ಅಯ್ಯೋ ಪಾಪ ಅಂತಿದ್ರು. ನಿಂದೇ ಎಷ್ಟೋ ವಾಸಿ."

ಇದು ಹೊಗಳಿಕೆಯೋ ತೆಗಳಿಕೆಯೋ ಎಂದು ಶಾಕಮ್ಮ ಉಳಿದ ಒಂದೂವರೆ ಗಂಟೆ ಯೋಚಿಸಿದಳು. ಇಳಿಯುವ ಹೊತ್ತಿಗೆ, ಅತ್ತೆಯ ಬಾಯಿಂದ ಹೊಗಳಿಕೆ ಬಂದರೆ ಹೀಗೇ ಇರುತ್ತದೆ ಎಂದು ತೀರ್ಮಾನಿಸಿದಳು.

ಚರ್ಮ ತೆಗೆದ ಹುಡುಗಿ "ಏನೂ ಗೊತ್ತಾಗಲ್ಲ ಅಜ್ಜಿ, ಇರುವೆ ಕಚ್ಚಿದ ಹಾಗೆ" ಎಂದಾಗ ಶಾಕಮ್ಮನಿಗೆ ಆ ಮುದುಕ ಬಡಗಿ ನೆನಪಾದ.

ಮೂರು ವಾರದ ಮೇಲೆ ಉತ್ತರ ಬಂತು. ಹಿಮ್ಮಡಿಯ ಹತ್ತಿರದ ಚರ್ಮದಲ್ಲಿ ಇರಬೇಕಾದ ಸಣ್ಣ ನರಗಳಲ್ಲಿ ಮೂರನೆಯ ಒಂದು ಪಾಲೂ ಇರಲಿಲ್ಲ. ಇಲ್ಲವಾದವು ಯಾವಾಗ ಸತ್ತವೋ, ಯಾಕೆ ಸತ್ತವೋ ಡಾಕ್ಟರಮ್ಮನಿಗೂ ಗೊತ್ತಾಗಲಿಲ್ಲ. ಮತ್ತಷ್ಟು ರಕ್ತ ತೆಗೆದು ಹುಡುಕಿದರೂ ಕಾರಣ ಸಿಗಲಿಲ್ಲ. ಅರ್ಧ ಜನರಲ್ಲಿ ಸಿಗುವುದೇ ಇಲ್ಲ ಎಂದರು. ನರಗಳನ್ನು ವಾಪಸು ತರುವ ಮದ್ದಿಲ್ಲ, ಉರಿ ತಗ್ಗಿಸುವ ಮಾತ್ರೆ ಇದೆ.

ಅತ್ತೆ ಇದನ್ನೆಲ್ಲ ಕೇಳಿಸಿಕೊಂಡು, "ಹಾಗಾದ್ರೆ ಇದೆ" ಎಂದರು.

"ಇದೆ ಅಜ್ಜಿ."

ಮನೆಗೆ ಬಂದವರೇ ಮಗಳಿಗೆ ಫೋನು ಮಾಡಿದರು. "ನಂಗೆ ಕಾಯಿಲೆ ಇದೆ ಕಣೇ!" ಎಂದರು, ಕೆಲಸ ಸಿಕ್ಕ ಸುದ್ದಿ ಹೇಳುವವರಂತೆ. ಆಚೆ ಬದಿಯಲ್ಲಿ ಮಗಳು ಅಳತೊಡಗಿದಳು. ಅತ್ತೆ ಅವಳನ್ನು ಸಮಾಧಾನ ಮಾಡಿದರು. ಆಮೇಲೆ ನೆರೆಮನೆಯವರಿಗೆ ಹೇಳಿದರು, ಕ್ಲಿನಿಕ್ಕಿನವರಿಗೆ ಹೇಳಿದರು. ಪೆನ್ಸಿಲ್ ಕಾರ್ಖಾನೆಯ ಹಳೇ ಗೆಳತಿಗೆ, ಅವಳಿಗೆ ಕಿವಿ ಕೇಳದ ಕಾರಣ, ಎರಡು ಸಲ ಹೇಳಿದರು. ಮಗ ಮಾರನೇ ದಿನ ತಾಯಿಯ ಹಾಸಿಗೆಯ ಕಾಲಬದಿಗೆ, ಹೊದಿಕೆ ಪಾದಕ್ಕೆ ತಗುಲದಂತೆ ಎತ್ತಿ ಹಿಡಿಯುವ ಒಂದು ಕಬ್ಬಿಣದ ಕಮಾನು ಬೆಸುಗೆ ಹಾಕಿಸಿಕೊಂಡು ಬಂದ. ಅತ್ತೆ ಅದನ್ನು ಕೈಯಾಡಿಸಿ ನೋಡಿ, "ಎಡಗಡೆ ಕಾಲಿಂಚು ತಗ್ಗಿದೆ" ಎಂದರು. ಅವನು ಸರಿ ಮಾಡಿಸಿ ತಂದ.

ಮಾತ್ರೆ ಮೊದಲ ವಾರ ತೂಕಡಿಕೆ ತರಿಸಿತು, ಎರಡನೇ ತಿಂಗಳಿಗೆ ಕೆಲಸ ಮಾಡಿತು. ನೋವಿಗೆ ದಿನವೂ ಹತ್ತಕ್ಕೆ ಎಷ್ಟು ಎಂದು ಅಂಕ ಬರೆದಿಡಿ ಎಂದು ಡಾಕ್ಟರಮ್ಮ ಹೇಳಿದ್ದರು. ಅತ್ತೆ ಒಂದು ಪುಸ್ತಕ ಇಟ್ಟರು. ಹತ್ತು ಯಾವತ್ತೂ ಕೊಡಲಿಲ್ಲ. ಹತ್ತು ಕೊಟ್ಟುಬಿಟ್ಟರೆ ಆಮೇಲೆ ಇನ್ನೂ ಜಾಸ್ತಿಯಾದರೆ ಏನು ಕೊಡುವುದು ಎಂಬ ಮುಂದಾಲೋಚನೆ. ಎಂಟೂವರೆಯಿಂದ ಶುರುವಾದದ್ದು ಆರಕ್ಕೆ ಇಳಿಯಿತು, ಐದೂಕಾಲಿಗೆ ಇಳಿಯಿತು, ಒಂದೆರಡು ಸಲ ನಾಲ್ಕನ್ನೂ ಮುಟ್ಟಿತು. ಸೊನ್ನೆಯಾಗಲಿಲ್ಲ. ಆಗುವುದಿಲ್ಲ ಎಂದು ಅವರಿಗೆ ಹೇಳಿದ್ದರು, ಅವರೂ ನಿರೀಕ್ಷಿಸಲಿಲ್ಲ.

ಅಂಕ ಐದು ದಾಟದ ದಿನ ಸಂಜೆ ಶಾಕಮ್ಮ ಕೆಲಸದಿಂದ ಬಂದಾಗ ಅತ್ತೆ ಬಾಗಿಲಲ್ಲಿ ತಯಾರಾಗಿ ನಿಂತಿರುವರು. ಇಬ್ಬರೂ ಬೀದಿಯ ಕೊನೆಯ ಅಂಚೆ ಡಬ್ಬಿಯವರೆಗೆ ನಡೆದು ಬರುವರು. ಶಾಕಮ್ಮ ಅವತ್ತಿನ ರೋಗಿಗಳ ಕತೆ ಹೇಳುವಳು. ಅತ್ತೆ ಕೇಳಿಸಿಕೊಳ್ಳುತ್ತ, ಯಾರ ಮನೆಯ ಕಾಂಪೌಂಡು ವಾಲಿದೆ, ಯಾವ ಬೋರ್ಡು ಸೊಟ್ಟಗಿದೆ ಎಂದು ನೋಡಿಕೊಂಡು ಬರುವರು. ಐದರ ಮೇಲಿದ್ದ ದಿನ ನಡಿಗೆ ಇಲ್ಲ. "ಇವತ್ತು ಆಗಲ್ಲ" ಎನ್ನುವರು ಅತ್ತೆ, ಅಷ್ಟೇ. ಶಾಕಮ್ಮ ಸರಿ ಎಂದು ಒಳಗೆ ಹೋಗಿ ಬಟ್ಟೆ ಬದಲಿಸಿಕೊಳ್ಳುವಳು.